ಗುರುಮಲ್ಲುವಿನ ಚಿನ್ನದ ಕಾರ್ಡು

ಅಗರದ ಸದಾಶಿವಪ್ಪನ ಮಗ ಗುರುಮಲ್ಲು ಬೆಲ್ಜಿಯಂನಿಂದ ಬಂದಿದ್ದಾನೆ ಅಂತ ಬೀದಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಅವನು ಆಗಲೇ ಹೊರಡೋ ಮಾತಾಡುತ್ತಿದ್ದ. ನಲವತ್ತೈದು ದಾಟಿದ ಗಂಡಸು. ತಲೆ ಅರ್ಧ ನರೆತಿದೆ, ಕಾಲಲ್ಲಿ ಒಳ್ಳೇ ಬೂಟು. ಆ ಬೂಟು ಬಿಚ್ಚಿ ಒಳಗೆ ಬರೋಕೂ ಪುರುಸೊತ್ತಿಲ್ಲದವನ ಹಾಗೆ ಜಗಲಿ ಮುಂದೆ ನಿಂತೇ ಇದ್ದ. ಒಂದು ಕಣ್ಣು ವಾಚಿನ ಮೇಲೆ, ಇನ್ನೊಂದು ಕಣ್ಣು ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಟ್ಯಾಕ್ಸಿ ಮೇಲೆ.

"ಅಯ್ಯೋ, ಕೂತ್ಕಳ್ಳಾ! ನಿಂತ್ಕಂಡ್ ಮಾತಾಡಕ್ಕೆ ನೀನೇನ್ ಕರೆಂಟ್ ಬಿಲ್ ಕೊಡೋಕೆ ಬಂದಿದ್ದೀಯಾ?" ಅಂತ ಅಕ್ಕ ಪುಟ್ಟಬಸಮ್ಮ ಚಾಪೆ ಹಾಸಿದಳು.

"ಇಲ್ಲ ಅಕ್ಕ, ಎರಡು ಗಂಟೆಗೆ ಹೊರಡ್ಬೇಕು. ರಾತ್ರಿ ಫ್ಲೈಟು."

"ಇವತ್ತು ಬೆಳಿಗ್ಗೆ ತಾನೇ ಇಳ್ದೆ ಅಂದ್ಯಲ್ಲ?"

"ಇಳಿದೆ. ಇವತ್ತೇ ಹತ್ಬೇಕು."

ಪುಟ್ಟಬಸಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸಂತೆಗೆ ಹೋಗಿ ಬರೋರೂ ಇದಕ್ಕಿಂತ ನಿಧಾನವಾಗಿ ಬರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ನಾವೂ ನೋಡಿದ್ದೀವಿ, ಆದರೆ ಅವರು ಒಂದು ಲೋಟ ನೀರನ್ನಾದರೂ ಕೂತು ಕುಡಿಯುತ್ತಾರೆ. ಇವನಿಗೆ ಅದೂ ಇಲ್ಲ.

ಗುರುಮಲ್ಲು ಹುಟ್ಟಾ ಹೀಗಿರಲಿಲ್ಲ. ಎಂಬತ್ತರ ದಶಕದಲ್ಲಿ ಯಳಂದೂರು ಕಡೆ ಒಂದು ಕರಿಕಲ್ಲು ಕ್ವಾರಿಯಲ್ಲಿ ಲೆಕ್ಕ ಬರೆಯೋ ರೈಟರಾಗಿದ್ದ. ಬಂಡೆ ಮೇಲೆ ನೀರು ಎರಚಿ, ಅದು ಆರೋವರೆಗೂ ಬೀಡಿ ಸೇದುತ್ತ ಕೂತು, ಸೀಳು ಎಲ್ಲಿದೆ ಅಂತ ಹೇಳುತ್ತಿದ್ದ. ಕಲ್ಲು ಕೊಳ್ಳೋಕೆ ಬಂದ ಬೆಲ್ಜಿಯಂನವರು ಇವನ ಕಣ್ಣು ಮೆಚ್ಚಿ ಆಂಟ್‌ವರ್ಪ್‌ನ ತಮ್ಮ ಕಲ್ಲಿನ ಯಾರ್ಡಿಗೆ ಕರಕೊಂಡು ಹೋದರು. ಅಲ್ಲಿ ನಮ್ಮ ಕಡೆಯ ಕರಿಕಲ್ಲು ಪಾಲಿಶಾಗಿ, ಹೆಸರು ಕೆತ್ತಿಸಿಕೊಂಡು, ಸತ್ತವರ ತಲೆ ಹತ್ತಿರ ನಿಲ್ಲುತ್ತದೆ. ಯಾರ್‍ಯಾರದೋ ಅಪ್ಪಂದಿರಿಗೆ ಕಲ್ಲು ಆರಿಸಿಕೊಡೋದೇ ಇವನ ಕೆಲಸ.

ತನ್ನ ಅಪ್ಪ ಸತ್ತಾಗ ಮಾತ್ರ ಬರೋಕಾಗಲಿಲ್ಲ. ತೊಂಬತ್ತೇಳರ ಬೇಸಿಗೆ ರಜಾ, ವಿಮಾನವೆಲ್ಲ ಭರ್ತಿ. ಗುರುಮಲ್ಲು ಬ್ಯಾಗು ಹೆಗಲಿಗೆ ಹಾಕಿಕೊಂಡು ಕೌಂಟರ್ ಮುಂದೆ ನಿಂತಿದ್ದ. ವೈಟಿಂಗಿನಲ್ಲಿ ಮೊದಲ ಹೆಸರು ನಿನ್ನದೇ, ಒಂದು ಸೀಟು ಖಾಲಿಯಾದರೆ ನಿನಗೇ ಅಂದಿದ್ದಳು ಅಲ್ಲಿನ ಹುಡುಗಿ. ಸೀಟು ಖಾಲಿಯಾಯಿತು. ಅಷ್ಟರಲ್ಲಿ ಕೋಟು ಹಾಕಿದ ಒಬ್ಬ ಮನುಷ್ಯ ನಿಧಾನಕ್ಕೆ ನಡಕೊಂಡು ಬಂದು ಚಿನ್ನದ ಬಣ್ಣದ ಒಂದು ಕಾರ್ಡು ತೋರಿಸಿದ. ಹುಡುಗಿ ನಕ್ಕು ಸೀಟನ್ನು ಅವನಿಗೆ ಕೊಟ್ಟಳು. 'ನನ್ನಪ್ಪ ಸತ್ತವ್ರೆ ಕಣಮ್ಮಾ' ಅಂತ ಇವನು ಕನ್ನಡದಲ್ಲೇ ಕೂಗಿದ. ಯಾರಿಗೆ ಅರ್ಥವಾಗಬೇಕು!

ಇತ್ತ ಅಗರದಲ್ಲಿ ಹೆಣ ಕೂರಿಸಿಕೊಂಡು ಸಂಜೆವರೆಗೂ ಕಾದರು. ಬಿಸಿಲು ಕೇಳಬೇಕಲ್ಲ. ಕೊನೆಗೆ ಪುಟ್ಟಬಸಮ್ಮನ ಗಂಡನ ಕೈಯಲ್ಲಿ ಮೊದಲ ಮಣ್ಣು ಹಾಕಿಸಿದರು. ಗುರುಮಲ್ಲು ಬಂದದ್ದು ಎಲ್ಲ ಮುಗಿದ ಮೇಲೆ, ಹಾಲುತುಪ್ಪದ ದಿನ. 'ಇದ್ದೊಬ್ಬ ಮಗ, ಮೂರು ಇಡಿ ಮಣ್ಣಿಗೂ ಒದಗ್ಲಿಲ್ಲ' ಅಂತ ಯಾರೋ ಅಂದದ್ದು ಅವನ ಕಿವಿಗೆ ಬಿತ್ತು. ಅದು ಆಮೇಲೆ ಹೊರಗೆ ಹೋಗಲೇ ಇಲ್ಲ.

ಅವ್ವನ ವಿಷಯದಲ್ಲಿ ಹೀಗಾಗಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡ. ಆ ಕಾರ್ಡು ಬೇಕು. ಅದಿದ್ದವರಿಗೆ ತುಂಬಿದ ವಿಮಾನದಲ್ಲೂ ಹೇಗೋ ಸೀಟು ಮಾಡಿಕೊಡುತ್ತಾರೆ. ಆದರೆ ಅದನ್ನು ದುಡ್ಡು ಕೊಟ್ಟು ತರೋಕಾಗಲ್ಲ, ವರ್ಷಕ್ಕೆ ಇಷ್ಟು ಮೈಲಿ ಅಂತ ಹಾರಿ ಹಾರಿ ಸಂಪಾದಿಸಬೇಕು. ಒಂದೇ ಕಂಪನಿಯಲ್ಲಿ ಹಾರಬೇಕು ಅಂತಲೂ ಇಲ್ಲ. ಆ ಕಂಪನಿಗೆ ಊರೂರಲ್ಲಿ ಬೀಗರ ಕಂಪನಿಗಳಿವೆ. ಬೀಗರ ವಿಮಾನ ಹತ್ತಿದರೂ ಮುಯ್ಯಿ ಬಂದು ಸೇರೋದು ನಮ್ಮ ಮನೆ ಲೆಕ್ಕಕ್ಕೇ. ಒಂದೇ ತೊಂದರೆ. ಡಿಸೆಂಬರ್ ಮುಗಿಯೋದರೊಳಗೆ ಲೆಕ್ಕ ತುಂಬದಿದ್ದರೆ ಅಲ್ಲಿವರೆಗೂ ಹಾರಿದ್ದೆಲ್ಲ ಅಳಿಸಿ, ಜನವರಿಯಿಂದ ಮತ್ತೆ ಸೊನ್ನೆ.

ಯಾರ್ಡಿನ ಕೆಲಸಕ್ಕೆ ಅಷ್ಟೊಂದು ಹಾರಾಟ ಎಲ್ಲಿಂದ ಬರಬೇಕು? ಹಾಗಾಗಿ ರಜೆಯಲ್ಲೆಲ್ಲ ಹಾರಿದ. ಕೆಲಸವಿಲ್ಲದ ಊರಿಗೆ ಹೋಗೋದು, ಏರ್‌ಪೋರ್ಟಿನಲ್ಲೇ ಟೀ ಕುಡಿಯೋದು, ವಾಪಸ್ ಬರೋದು. ಲಿಸ್ಬನ್ ನೋಡಿದ್ದೀಯಾ ಅಂದರೆ ಇವನು ನೋಡಿರೋದು ಅಲ್ಲಿನ ಬೆಂಚು. ಹೆಂಡತಿ ಪ್ರೇಮಾ, "ನನ್ನ್ ಬದ್ಲು ಏರೋಪ್ಲೇನಿಗೇ ತಾಳಿ ಕಟ್ಬೋದಿತ್ತು" ಅಂತ ಒಂದು ದಿನ ಅಂದು, ಆಮೇಲೆ ಅನ್ನೋದೂ ಬಿಟ್ಟಳು. ಒಂದು ವರ್ಷ ಇನ್ನೇನು ಸಿಕ್ಕಿತು ಅನ್ನುವಾಗ ಬೀಗರ ಕಂಪನಿಯವರು ಅಗ್ಗದ ಟಿಕೆಟ್ಟು ಲೆಕ್ಕಕ್ಕಿಲ್ಲ ಅಂದುಬಿಟ್ಟರು. ಇನ್ನೊಂದು ವರ್ಷ ಮಂಜು ಬಿದ್ದು ವಿಮಾನವೇ ಏಳಲಿಲ್ಲ. ಅವ್ವನಿಗೆ ವಯಸ್ಸಾಗುತ್ತಿತ್ತು, ಇವನಿಗೆ ನಿದ್ದೆ ಕಮ್ಮಿಯಾಗುತ್ತಿತ್ತು.

ಈಗ ಎರಡು ಸಾವಿರದ ಮೂರರ ಡಿಸೆಂಬರ್ ಕೊನೇ ದಿನ. ಇವತ್ತು ರಾತ್ರಿ ಬೆಂಗಳೂರಿನಲ್ಲಿ ಹತ್ತೋ ವಿಮಾನ ಒಂದೇ ಬಾಕಿ. ಹತ್ತಿದರೆ ಕಾರ್ಡು ಬಂತು. ತಪ್ಪಿದರೆ ಎಲ್ಲ ಮಣ್ಣುಪಾಲು.

ಅಷ್ಟರಲ್ಲಿ ಕಣದ ಕಡೆಯಿಂದ ಅವ್ವ ಬಂದಳು. ಚಿಕ್ಕನಿಂಗಮ್ಮ. ಎಪ್ಪತ್ತು ದಾಟಿದರೂ ಬತ್ತ ಬಡಿಯೋ ಆಳುಗಳ ಹಿಂದೆ ನಿಂತು ಗದರಿಸದಿದ್ದರೆ ಅವಳಿಗೆ ಅನ್ನ ಇಳಿಯಲ್ಲ. ಸೆರಗಿನ ತುಂಬ ಹುಲ್ಲಿನ ಎಳೆ. ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ಲಾ ಇದು, ಬಡವಾಗಿ ಓಗಿದ್ದೀಯ! ಆ ದೇಸ್ದಲ್ಲಿ ಅಕ್ಕಿ ಸಿಗಾಕಿಲ್ವಾ? ಬಸಮ್ಮಾ, ಅವರೆಕಾಳು ಸಾರಿಗೆ ವಗ್ರಣೆ ಆಕವ್ವಾ. ಒಸ ಅಕ್ಕಿ ಅನ್ನ ಮಾಡು."

"ಅವ್ವಾ, ಊಟಕ್ಕೆ ಹೊತ್ತಿಲ್ಲ. ದಾರೀಲಿ ಏನಾದ್ರೂ ತಿಂತೀನಿ."

"ದಾರೀಲಿ ಯಾರ್ಲಾ ನಿಂಗೆ ಅವ್ವ ಇರೋದು?"

ಟ್ಯಾಕ್ಸಿ ಡ್ರೈವರ್ ಮಾದೇಶ ಕೊಳ್ಳೇಗಾಲದವನು. ಬೆಂಗಳೂರು ಏರ್‌ಪೋರ್ಟಿನಲ್ಲಿ ಗಾಡಿ ಓಡಿಸುತ್ತಾನೆ. ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರಲ್ಲ. ಪುಟ್ಟಬಸಮ್ಮ ಕೊಟ್ಟ ಕಾಫಿ ಹೀರುತ್ತ, "ಈ ಸಲಿನಾದ್ರೂ ಊರ್‍ಗಂಟ ಬಂದ್ರಲ್ಲ ಸಾ, ಅದೇ ಕುಸಿ" ಅಂದ. "ಯುಗಾದಿ ಟೈಮಲ್ಲಿ ಬಂದಾಗ ಏರ್‌ಪೋರ್ಟ್ ಆಚೇಲಿ ಕಾಫಿ ಕುಡ್ದು ಅಂಗೇ ಒಳಿಕ್ಕೋದ್ರಿ. ದಸರಾದಲ್ಲೂ ಅಷ್ಟೇಯ. ನಾನೇ ಕರುದ್ನಲ್ಲ ಸಾ, ಕೊಳ್ಳೇಗಾಲಕ್ಕೇ ಓಯ್ತೀನಿ ಬನ್ನಿ ಅಂತ."

ಗುರುಮಲ್ಲುವಿನ ಮುಖ ಇಳಿದುಹೋಯಿತು. ಮಾದೇಶನಿಗೆ ತಾನೇನೋ ಎಡವಟ್ಟು ಮಾಡಿದೆ ಅಂತ ಗೊತ್ತಾಗಿ, ಲೋಟ ಕೆಳಗಿಟ್ಟು ಗಾಡಿ ಒರೆಸೋಕೆ ಹೋದ.

"ಯುಗಾದೀಲಿ ಬಂದಿದ್ಯಾ?" ಚಿಕ್ಕನಿಂಗಮ್ಮನ ದನಿ ಸಣ್ಣಗಿತ್ತು. "ದಸರಾದಲ್ಲೂ?"

"ಅವ್ವಾ, ಅದು... ತಕ್ಷಣ ವಾಪಸ್ ಹತ್ಬೇಕಿತ್ತು."

"ಬೆಂಗ್ಳೂರ್‍ಗಂಟ ಬಂದು ಅವ್ವನ್ ಮೊಕ ನೋಡ್ದೆ ಓದ್ಯಾ? ನಾನೇನ್ಲಾ ಮಾಡಿದ್ದೆ ನಿಂಗೆ?"

ಅವಳು ಬೈದಿದ್ದರೆ ತಡಕೊಳ್ಳುತ್ತಿದ್ದ. ಬೈಗುಳ ಇವನಿಗೆ ಹೊಸದಲ್ಲ. ಆ ಸಣ್ಣ ದನಿ ತಡೆಯೋಕಾಗಲಿಲ್ಲ. ಆರು ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನೆಲ್ಲ ನಿಂತ ಕಾಲಲ್ಲೇ ಹೇಳಿಬಿಟ್ಟ. ಕೌಂಟರಿನ ಹುಡುಗಿ, ಕೋಟಿನ ಮನುಷ್ಯ, ಮೂರು ಹಿಡಿ ಮಣ್ಣಿನ ಮಾತು, ಬೀಗರ ಕಂಪನಿಗಳು, ಇವತ್ತು ರಾತ್ರಿಯ ವಿಮಾನ. "ಕಾರ್ಡು ಸಿಕ್ಕಿದ್ರೆ ಎಂಥ ಹೊತ್ತಲ್ಲಾದ್ರೂ ಬರ್ಬೋದು ಅವ್ವಾ. ನಿನ್ನ... ನಿನ್ನ ಹೊತ್ತಿಗೆ ನಾನಿರ್‍ತೀನಿ. ಅದಕ್ಕೇ ಇದೆಲ್ಲ."

ಚಿಕ್ಕನಿಂಗಮ್ಮ ನಗೋಕೆ ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು.

"ಬಸಮ್ಮಾ! ಬಾರವ್ವಾ ಇಲ್ಲಿ! ನನ್ ಮಣ್ಣಿಗೆ ಈಗ್ಲೇ ಸೀಟು ಇಡ್ದವ್ನೆ ಕಣವ್ವಾ ನಿನ್ ತಮ್ಮ!"

ಪುಟ್ಟಬಸಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗು ಹೇಗೆ ಬಂದಿತ್ತೋ ಹಾಗೇ ನಿಂತಿತು. ಚಿಕ್ಕನಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಕೈ ಹಿಡಿದು ಎಳೆದಳು. "ನಡೀಲಾ. ಗದ್ದೆತಾವ್ ಓಗವಾ. ಬೇಗ್ನೆ ಮುಗುಸ್ಕಂಡು ಓಗೀವೆ."

ಗದ್ದೆ ಮನೆ ಹಿಂದೆಯೇ. ಬದುವಿನ ಹೊಂಗೆ ಮರದ ಕೆಳಗೆ ಸದಾಶಿವಪ್ಪನ ಗದ್ದಿಗೆ, ಬರೀ ಮಣ್ಣಿನ ದಿಬ್ಬ. ಪಾಲಿಶ್ ಮಾಡಿದ ಕಲ್ಲೊಂದು ತರಿಸಿ ನಿಲ್ಲಿಸುತ್ತೀನಿ ಅಂತ ಮಗ ಅಂದಾಗಲೆಲ್ಲ ಚಿಕ್ಕನಿಂಗಮ್ಮ ಬೇಡ ಅಂದಿದ್ದಳು. ಪಕ್ಕದಲ್ಲಿ ಅವಳು ತನಗೆ ಅಂತ ಬಿಡಿಸಿಕೊಂಡ ಜಾಗ. ಸುಮ್ಮನೆ ಯಾಕೆ ಬೀಳು ಬಿಡೋದು ಅಂತ ಅಲ್ಲಿ ಕುಂಬಳದ ಬಳ್ಳಿ ಹಬ್ಬಿಸಿದ್ದಳು.

ಚಿಕ್ಕನಿಂಗಮ್ಮ ಬಳ್ಳಿಯನ್ನು ಕೈಯಿಂದ ಅತ್ತ ಸರಿಸಿ, ಆ ಜಾಗದ ನಡುವೆ ಕೂತುಬಿಟ್ಟಳು. ಸುಮ್ಮನೆ ಕೂತಿದ್ದಲ್ಲ. ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟುಕೊಂಡು, ಹೆಣ ಕೂರಿಸೋ ಹಾಗೆ.

"ಆಕು."

"ಏನವ್ವಾ?"

"ಮಣ್ಣು ಆಕ್ಲಾ. ಮೂರು ಇಡಿ. ಇದ್ಕೇ ತಾನೇ ನೀನು ಇಷ್ಟು ಒದ್ದಾಡ್ತಾ ಇರೋದು? ಇವತ್ತೇ ಆಕ್ಬುಟ್ಟು ಓಗು. ನಾಳೆ ನಾನು ಸತ್ರೆ ನೀನು ಬರ್‍ಲಿಲ್ಲ ಅಂತ ಯಾವನಾದ್ರೂ ಅಂದ್ರೆ, ಆಗ್ಲೇ ಆಕವ್ನೆ ಅಂತ ಬಸಮ್ಮ ಯೋಳ್ತಾಳೆ. ನಿನ್ ಕೆಲ್ಸ ಮುಗ್ದೋಯ್ತದೆ. ಆಮ್ಯಾಲೆ ಬರಾಂಗಿದ್ರೆ ಉಣ್ಣಕ್ಕೆ ಬಾ. ಇಲ್ದಿದ್ರೆ ಬರ್‍ಲೇಬ್ಯಾಡ."

"ಬಿಡ್ತು ಅನ್ನವ್ವಾ!" ಹಿಂದೆ ಓಡಿ ಬಂದಿದ್ದ ಪುಟ್ಟಬಸಮ್ಮ ಚೀರಿದಳು. "ಬದುಕಿರೋರ್‍ಗೆ ಯಾರಾದ್ರೂ ಮಣ್ಣು ಆಕಾರಾ! ಏಳು ಮೇಲಕ್ಕೆ!"

"ನೀ ಸುಮ್ಕಿರು. ಅವನ್ಗೆ ಟೈಮಿಲ್ಲ."

ರಸ್ತೆ ಕಡೆಯಿಂದ ಮಾದೇಶ ಹಾರ್ನ್ ಹೊಡೆದ. ಗುರುಮಲ್ಲು ಬಗ್ಗಿ, ಯಾಕೆ ಬಗ್ಗಿದೆ ಅಂತ ತನಗೇ ತಿಳಿಯದೆ, ಒಂದು ಹಿಡಿ ಮಣ್ಣು ತಕ್ಕೊಂಡ. ಗದ್ದೆಮಣ್ಣು, ತಣ್ಣಗಿತ್ತು. ಆರು ವರ್ಷದಿಂದ ಯಾವ ಮಣ್ಣಿಗಾಗಿ ಊರಿಂದೂರಿಗೆ ಹಾರಿದ್ದನೋ ಆ ಮಣ್ಣು ಕೈಯಲ್ಲಿತ್ತು, ಎದುರಿಗೆ ಅವ್ವ ಕೂತಿದ್ದಳು. ಅವಳ ಎದೆ ಏರಿಳಿಯುತ್ತಿತ್ತು. ಕೂದಲಲ್ಲಿ ಬತ್ತದ ಹುಲ್ಲಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು.

ಕೈ ಎತ್ತೋಕೆ ನೋಡಿದ. ಏಳಲಿಲ್ಲ.

"ಆಗಲ್ಲ ಅವ್ವಾ."

"ಯಾಕಾಗಾಕಿಲ್ಲ? ಇದ್ಕೇ ಅಲ್ವಾ ನೀನು ಆಕಾಸ್ದಲ್ಲಿ ಸುತ್ತಿದ್ದು? ಯುಗಾದಿ ಒಬ್ಬಟ್ಟು ಬುಟ್ಟೆ, ದಸರಾ ಬುಟ್ಟೆ, ನನ್ನೇ ಬುಟ್ಟೆ. ಬುಟ್ಟಿದ್ದು ಇದ್ಕೇ ತಾನೇ? ಆಕು."

ಗುರುಮಲ್ಲು ಅತ್ತುಬಿಟ್ಟ. ಅಪ್ಪನ ಹಾಲುತುಪ್ಪದ ದಿನ ಊರವರ ಎದುರು ಬಿಗಿ ಹಿಡಿದಿದ್ದ ಅಳು ಈಗ ಕಿತ್ತುಕೊಂಡು ಬಂತು. ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತ. ಬೂಟು ಹಾಕಿದ ಕಾಲಲ್ಲೇ ಕುಸಿದು, ಅಪ್ಪನ ದಿಬ್ಬಕ್ಕೂ ಅವ್ವನಿಗೂ ನಡುವೆ ಕೂತ. ಹಿಡಿಯಲ್ಲಿದ್ದ ಮಣ್ಣನ್ನು ಕುಂಬಳದ ಬುಡಕ್ಕೆ ಸುರಿದ. ಆ ದಿನ ಅವನು ಮೊದಲ ಸಲ ಕೂತದ್ದು ಅಲ್ಲಿ.

ಚಿಕ್ಕನಿಂಗಮ್ಮ ಸೆರಗಿನ ತುದಿಯಿಂದ ಅವನ ಮೂಗು ಒರೆಸಿದಳು, ಅದೂ ಸ್ವಲ್ಪ ಒರಟಾಗಿಯೇ.

ಮಾದೇಶ ಬದುವಿನ ಮೇಲೆ ಓಡಿ ಬಂದ. "ಸಾ, ಎರಡ್ ಗಂಟೆ ಆಗೋಯ್ತು. ಈಗ್ಲೇ ವೊಂಟ್ರೆ ಸರಿ, ಇಲ್ದಿದ್ರೆ ಪ್ಲೇನು ಸಿಗಾಕಿಲ್ಲ."

ಗುರುಮಲ್ಲು ಅಭ್ಯಾಸಬಲದಿಂದ ವಾಚು ನೋಡಿದ. ಗಾಜಿನ ಮೇಲೆಲ್ಲ ಮಣ್ಣು ಮೆತ್ತಿತ್ತು. ಒಂದು ಗಳಿಗೆ ಆ ಕಾರ್ಡು, ಆ ಕೋಟಿನ ಮನುಷ್ಯ, ಲಿಸ್ಬನ್ನಿನ ಬೆಂಚು ಎಲ್ಲ ಕಣ್ಣ ಮುಂದೆ ಬಂದವು. ಇವತ್ತು ಬಿಟ್ಟರೆ ಜನವರಿಗೆ ಎಲ್ಲ ಸೊನ್ನೆ. ಅವ್ವನ ಹೊತ್ತಿಗೆ ಬರೋಕಾಗುತ್ತೋ ಇಲ್ಲವೋ, ಆ ದೇವರಿಗೇ ಗೊತ್ತು.

"ಓಗ್ಲಿ ಬುಡ್ಲಾ ಮಾದೇಶ," ಅಂದ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಊರಿನ ಮಾತು ಬಂದಿತ್ತು. "ಇನ್ನೊಂದ್ ದಿನ ಓದ್ರಾಯ್ತು."

"ಲೇ ತಮ್ಮ, ನೀನೂ ಕೈ ತೊಳ್ಕ ಓಗು, ಉಣ್ಣೀವೆ," ಅಂದಳು ಚಿಕ್ಕನಿಂಗಮ್ಮ ಡ್ರೈವರಿಗೆ. ಆಮೇಲೆ ಮಗನ ಕಡೆ ಎರಡೂ ಕೈ ಚಾಚಿದಳು. "ನೋಡ್ತಾ ಕೂತಿದ್ದೀಯಲ್ಲ, ಎಬ್ಬುಸ್ಲಾ ನನ್ನ. ಮಂಡಿ ಇಡ್ಕಂಡದೆ."

ಗುರುಮಲ್ಲು ಎದ್ದು ನಿಂತು, ಮಣ್ಣು ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದು, ಆ ಜಾಗದಿಂದ ಅವಳನ್ನು ಮೇಲಕ್ಕೆ ಎಬ್ಬಿಸಿದ.