ನಾಲ್ಕು ಎಲೆಯ ಮನೆ

ಈಗಿನ ಪ್ರವಾಸಿಗರು ಕಿಟಕಿಯಿಂದ ಸಮುದ್ರ ಕಾಣುತ್ತದೋ ಇಲ್ಲವೋ ಎಂದು ಆಮೇಲೆ ಕೇಳುತ್ತಾರೆ, ಮೊದಲು ಎಲೆ ಎಣಿಸುತ್ತಾರೆ. ರೂಮು ಕಾಯ್ದಿರಿಸುವ ಆ್ಯಪಿನಲ್ಲಿ ಪ್ರತಿ ಮನೆಯ ಪಕ್ಕ ಹಸಿರು ಎಲೆಗಳಿರುತ್ತವೆ. ಕರೆಂಟು ಕಡಿಮೆ ಉರಿಸಿದರೆ ನಾಲ್ಕು, ಹೆಚ್ಚು ಉರಿಸಿದರೆ ಒಂದು. ಲೆಕ್ಕ ಯಾರೂ ಕಳಿಸಬೇಕಾಗಿಲ್ಲ, ಗೋಡೆಯ ಮೀಟರೇ ನೆಟ್ಟಿನಲ್ಲಿ ಚಾಡಿ ಹೇಳಿಬಿಡುತ್ತದೆ. ವಿಮಾನದಲ್ಲಿ ಅರ್ಧ ಭೂಮಿ ದಾಟಿ ಬಂದ ಮಹಾನುಭಾವರು ನಾಲ್ಕೆಲೆಯ ಮನೆಯಲ್ಲೇ ಇಳಿದು, ದೀಪ ಆರಿಸಿ, ಭೂಮಿ ಉಳಿಸಿದ ನೆಮ್ಮದಿಯಲ್ಲಿ ಗೊರಕೆ ಹೊಡೆಯುತ್ತಾರೆ.

ಮಹಡಿಯ ಎರಡು ರೂಮು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಅವಳ ಮನೆಗೂ ನಾಲ್ಕು ಎಲೆಯಿತ್ತು, ಅಮ್ಮನ ಶ್ವಾಸಕೋಶ ಕೈಕೊಡುವವರೆಗೆ. ಡಾಕ್ಟರು ಹೇಳಿದ ಆಕ್ಸಿಜನ್ ಮಷೀನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಹಗಲೂ ರಾತ್ರಿ ಗುರ್ ಎನ್ನತೊಡಗಿತು. ಎಲೆ ಒಂದಕ್ಕಿಳಿಯಿತು. ರೂಮುಗಳು ಬಿಕೋ ಎಂದವು.

ಅವಳೇನು ಕೈಕಟ್ಟಿ ಕೂರಲಿಲ್ಲ. ಗೀಸರ್ ತೆಗೆಸಿದಳು, ಫ್ರಿಜ್ ಆರಿಸಿದಳು, ಕತ್ತಲಲ್ಲೇ ತಡಕಾಡಿ ಪಾತ್ರೆ ತೊಳೆದಳು. ಜಪ್ಪಯ್ಯ ಅಂದರೂ ಎಲೆ ಮೇಲೇರಲಿಲ್ಲ. ಮನೆಗೊಂದು ರೂಮುಗಳಿಗೊಂದು ಬೇರೆ ಬೇರೆ ಮೀಟರು ಕೊಡಿ ಎಂದು ವಿದ್ಯುತ್ ಕಚೇರಿಗೆ ಅಲೆದಳು. ಕರೆಂಟಿಗೇ ಬರ, ಹೊಸ ಸಂಪರ್ಕ ನಿಲ್ಲಿಸಿದ್ದೇವೆ ಎಂದರು. ಆ್ಯಪಿನವರಿಗೆ ಅಮ್ಮನ ಕಾಯಿಲೆ ವಿವರಿಸಿ ಬರೆದಳು. ರೂಮಿನ ಎಸಿ ಎರಡು ಡಿಗ್ರಿ ಏರಿಸಿ ನೋಡಿ ಎಂದು ಥಟ್ಟನೆ ಉತ್ತರ ಬಂತು. ಅವಳ ರೂಮುಗಳಲ್ಲಿ ಎಸಿಯೇ ಇರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಆ ಸದ್ದೇ ಇಲ್ಲ. ಓಡಿಹೋಗಿ ನೋಡಿದರೆ ಅಮ್ಮನ ತುಟಿ ನೀಲಿಗಟ್ಟಿತ್ತು. ಮಗಳ ಎಲೆಗಾಗಿ ಮಷೀನನ್ನು ತಾನೇ ಆರಿಸಿಕೊಂಡು ಕೂತಿದ್ದಳು ಪುಣ್ಯಾತ್ಗಿತ್ತಿ. ಮಗಳು ಧಾವಿಸಿ ಮಷೀನಿನ ಸ್ವಿಚ್ಚು ಹಾಕಿದಳು. ಆ ವಾರವೇ ಅಮ್ಮನನ್ನೂ ಮಷೀನನ್ನೂ ಬೇರೆ ಊರಿನ ತಮ್ಮನ ಮನೆಗೆ ಸಾಗಿಸಿದಳು. ಇಕ್ಕಟ್ಟಿನ ಮನೆ, ಸೋಫಾದ ಹಿಂದೆ ಅಮ್ಮನ ಮಂಚ. ಹೊರಡುವಾಗ ಕೈ ಹಿಡಿದು, “ನಾಲ್ಕು ಎಲೆ ಬಂದು ರೂಮು ತುಂಬ್ಲಿ, ಮಾರನೇ ದಿನವೇ ಕರ್ಕೊಂಡು ಹೋಗ್ತೀನಿ,” ಎಂದಳು. ಅಮ್ಮ ತಲೆಯಾಡಿಸಿದಳು. ಆ ಮಾತಿನಲ್ಲಿದ್ದ ತಪ್ಪು ಇಬ್ಬರಿಗೂ ಕಾಣಲಿಲ್ಲ.

ಎಲೆ ಬಂದವು, ನಾಲ್ಕಕ್ಕೆ ನಾಲ್ಕೂ. ಎರಡು ರೂಮೂ ತುಂಬಿದವು. ಅವಳು ಕುಣಿಯುತ್ತಾ ಅಮ್ಮನಿಗೆ ಹೇಳಲು ಫೋನು ಎತ್ತಿಕೊಂಡಳು, ಅಷ್ಟರಲ್ಲಿ ಬೆರಳು ನಿಂತಿತು. ಎಲೆ ಬಂದದ್ದೇ ಅಮ್ಮ ಹೋದದ್ದರಿಂದ. ಅಮ್ಮ ಬಂದರೆ ಎಲೆ ಹೋಗುತ್ತದೆ, ಎಲೆ ಹೋದರೆ ಅನ್ನ ಹೋಗುತ್ತದೆ. ಇಷ್ಟು ಸುಲಭದ ಲೆಕ್ಕ ತನಗೆ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು ಅತ್ತಳು. ಮಹಡಿಯಲ್ಲಿ ಅತಿಥಿಯೊಬ್ಬ ವೀಡಿಯೊ ಕಾಲಿನಲ್ಲಿ ತನ್ನ ತಾಯಿಗೆ ಸಮುದ್ರ ತೋರಿಸುತ್ತಿದ್ದ.

ಸಂಜೆ ಅಮ್ಮನೇ ಫೋನು ಮಾಡಿದಳು. ಮಾತಿನ ಹಿಂದೆ ಮಷೀನಿನ ಸದ್ದು.

“ಎಲೆ ಬಂತೇನೇ?”

“ಇನ್ನೂ ಇಲ್ಲಮ್ಮ.”

ಅಮ್ಮ ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡಳು.

“ನಿನ್ ತಮ್ಮ ಬೆಳಿಗ್ಗೆ ಫೋನಲ್ಲಿ ತೋರಿಸಿದ. ನಾಲ್ಕು ಇದ್ದ ಹಾಗೆ ಕಾಣ್ತು. ಅವನ ಫೋನು ಹಳೇದು ಬಿಡು, ತಪ್ಪು ತೋರಿಸಿರ್ಬೇಕು.”

“ಹೂಂ,” ಎಂದಳು ಅವಳು.