ಉಗುರಂಚಿನ ಕೆಂಪು

ಕತ್ತರಿ ಹಿಡಿದ ಅಕ್ಕನ ಕೈಯನ್ನು ತೇಸಿಕ್ ಗಬಕ್ಕನೆ ಹಿಡಿದುಕೊಂಡ.

“ಬೇಡ ಅಕ್ಕ. ಆ ಎರಡು ಬೆರಳು ಬಿಟ್ಟುಬಿಡು.”

ಸುತ್ತ ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವನ ಹೆಂಡತಿ ಒಕ್ಬುನ್‌ಗೆ ಕೊನೆಯ ಸ್ನಾನ ಮಾಡಿಸಿ ತಲೆ ಬಾಚಿಯಾಗಿತ್ತು. ಇನ್ನು ಉಗುರು ಕತ್ತರಿಸಿ, ಪುಟ್ಟ ಚೀಲಗಳಲ್ಲಿ ಹಾಕಿ ಅವಳ ಜೊತೆಗಿಟ್ಟು, ಕೈಗೆ ಬಟ್ಟೆ ಸುತ್ತಬೇಕು. ಹಿರಿಯರ ಕಾಲದಿಂದ ಬಂದ ಪದ್ಧತಿ. ಅವಳ ಉಂಗುರದ ಬೆರಳು, ಕಿರುಬೆರಳುಗಳ ಉಗುರಿನ ತುದಿಗೆ ಮಾತ್ರ ಕರ್ಣಕುಂಡಲ ಹೂವಿನ ಕೆಂಪು ಒಂದು ಗೆರೆಯಷ್ಟು ಉಳಿದಿತ್ತು.

“ಉಗುರು ತೆಗೀದೆ ಕಳಿಸಿದ್ರೆ ಊರೋರು ನನ್ನ ಮುಖಕ್ಕೆ ಉಗೀತಾರೆ ಕಣೋ,” ಎಂದಳು ಕುಮ್‌ಸುನ್ ಅಕ್ಕ.

“ಇನ್ನೂ ಹಿಮ ಬಿದ್ದಿಲ್ಲ.”

“ಮೊದಲ ಹಿಮದ ತನಕ ಬಣ್ಣ ಉಳಿದ್ರೆ ಮೊದಲ ಪ್ರೀತಿ ಕೈಗೂಡುತ್ತೆ ಅಂತಲಾ? ಲೋ, ಅದು ಹುಡುಗೀರ ಮಾತು. ಎಪ್ಪತ್ತು ದಾಟಿದೋಳಿಗೆ ಎಂಥಾ ಪ್ರೀತಿಯೋ!”

ಯಾರೋ ಕಿಸಕ್ಕನೆ ನಕ್ಕರು. ತೇಸಿಕ್‌ಗೆ ನಗು ಬರಲಿಲ್ಲ. ಆ ಕೆಂಪು ಹೋದರೆ ಒಕ್ಬುನ್ ನಿಜವಾಗಿಯೂ ಹೋಗಿಬಿಡುತ್ತಾಳೆ ಎಂದು ಅವನಿಗೆ ಭಯವಾಗಿತ್ತು.

“ಎಲ್ಲಿಗೂ ಹೋಗಲ್ಲ ಬಿಡೋ. ಚೀಲದಲ್ಲಿ ಅವಳ ಜೊತೇಲೇ ಇರುತ್ತೆ,” ಎನ್ನುತ್ತ ಅಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕತ್ತರಿ ಕಚಕ್ ಎಂದಿತು.

* * *

ಗಾಂಗ್ವೊನ್ ಬೆಟ್ಟದ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಒಕ್ಬುನ್ ಹಿತ್ತಲಲ್ಲಿ ಸೋಯಾ ಹುಳಿಹಾಕುವ ಜಾಡಿಗಳ ಕಟ್ಟೆಯ ಸುತ್ತ ಕರ್ಣಕುಂಡಲದ ಬೀಜ ಚೆಲ್ಲಿದ್ದಳು. ಬೆಟ್ಟದಲ್ಲಿ ಅಜೇಲಿಯ ಹೂ ಉದುರುವಾಗ ಮೊಳಕೆ, ಮಳೆ ಹಿಡಿದಾಗ ಮೊಣಕಾಲೆತ್ತರದ ಗಿಡ, ಸೆಕೆ ಏರಿದಂತೆ ಎಲೆಯ ಸಂದುಸಂದಿನಲ್ಲೂ ಹೂ. ಎಲೆ ಹಣ್ಣಾಗುವ ಕಾಲಕ್ಕೆ ಲಂಗ ತಾಗಿದರೂ ಸಾಕು, ಕಾಯಿ ಸಿಡಿದು ಬೀಜ ಹಾರುತ್ತಿತ್ತು.

ಉಗುರಿಗೆ ಬಣ್ಣ ಕಟ್ಟಲು ಹೂ ಜಜ್ಜುತ್ತ ಕೂತಾಗಲೆಲ್ಲ ತೇಸಿಕ್ ಕೆಣಕುತ್ತಿದ್ದ: “ಯಾವನಿಗೋಸ್ಕರ ಕಾಯ್ತಿದ್ದೀಯೇ?”

“ಬಣ್ಣ ಉಳೀಲಿ, ಹೇಳ್ತೀನಿ.”

ಉಳಿಯುತ್ತಲೇ ಇರಲಿಲ್ಲ. ಪಾತ್ರೆ ಉಜ್ಜುವ, ಕಳೆ ಕೀಳುವ ಕೈ. ಹಿಮ ಬರುವಷ್ಟರಲ್ಲಿ ಉಗುರೇ ಸವೆದಿರುತ್ತಿತ್ತು. ಹಿರಿಯರು ಕೂಡಿಸಿದ ಮದುವೆ ಅವರದು. ಅವಳ ಮನಸ್ಸಿನಲ್ಲಿ ಮೊದಲು ಯಾವನಿದ್ದನೋ ಎಂದು ಅವನು ನಗುನಗುತ್ತಲೇ ಒಳಗೊಳಗೆ ಹೊಟ್ಟೆಕಿಚ್ಚು ಪಟ್ಟಿದ್ದ.

ಈ ಬೇಸಿಗೆಯಲ್ಲಿ ಡಾಕ್ಟರು ಕೈಚೆಲ್ಲಿದರು. ಆದರೂ ಒಕ್ಬುನ್ ಹೂ ಜಜ್ಜಿದಳು.

“ನಿಮ್ಮ ಕಿರುಬೆರಳು ಕೊಡಿ ಇಲ್ಲಿ.”

“ಥೂ, ಗಂಡಸಿಗಾ?”

“ನಾನು ಹಿಮ ಬೀಳೋ ತನಕ ಇರ್ತೀನೋ ಇಲ್ವೋ. ನಿಮ್ಮದಾದ್ರೂ ಉಳೀಲಿ. ಉಗುರು ಕತ್ತರಿಸಿದ್ರೆ ನೋಡಿ ಮತ್ತೆ!”

“ಈಗಲಾದ್ರೂ ಹೇಳೇ, ಯಾರವನು?”

“ಹಿಮ ಬೀಳಲಿ,” ಎಂದು ಅವಳು ಉಗುರಿಗೆ ಹೂ ಮೆತ್ತಿ, ಬೆರಳಿಗೆ ಹರಳೆಲೆ ಸುತ್ತಿ ದಾರ ಬಿಗಿದಳು.

* * *

ಮಧ್ಯಾಹ್ನ ಗುಡ್ಡದ ಮೇಲೆ ಗುಂಡಿ ಮುಚ್ಚಿ, ಗಂಡಸರು ಪದ್ಧತಿಯಂತೆ ಹಾಡು ಹೇಳುತ್ತ ಮಣ್ಣು ತುಳಿಯುತ್ತಿದ್ದರು. ಹಾಡು ನಡುವೆಯೇ ನಿಂತಿತು. ಎಲ್ಲರೂ ಮೇಲೆ ನೋಡಿದರು. ಸದ್ದಿಲ್ಲದೆ ಹಿಮ ಇಳಿಯುತ್ತಿತ್ತು.

ತೇಸಿಕ್ ಗವುಸು ಕಳಚಿದ.

“ಕೈ ಮರಗಟ್ಟುತ್ತೆ, ಹಾಕ್ಕೊಳೋ,” ಎಂದು ಬೈಯುತ್ತ ಬಂದ ಅಕ್ಕ ಅವನ ಕಿರುಬೆರಳನ್ನು ಕಂಡು ಗವುಸನ್ನು ತನ್ನ ಕೈಗೆ ತೆಗೆದುಕೊಂಡಳು. ಉಗುರು ವಿಕಾರವಾಗಿ ಉದ್ದ ಬೆಳೆದಿತ್ತು. ತುದಿಯಲ್ಲಿ ಕೆಂಪಿತ್ತು.

“ಬಿತ್ತು ಕಣೇ,” ಎಂದ ಅವನು ಹಸಿಮಣ್ಣಿಗೆ. “ಈಗ ಹೇಳು.”

ಹಿಮದ ಒಂದು ಎಸಳು ಬಂದು ಆ ಕೆಂಪಿನ ಮೇಲೆ ಕೂತಿತು. ಅದು ಕರಗಿದ ಮೇಲೂ ಅವನು ಕೈ ಚಾಚಿಕೊಂಡೇ ನಿಂತಿದ್ದ.