ಒಣಗೈಯ ಕೆಲಸ

ಬಾಗಿಲಿಗೆ ಅಂಟಿಸಿದ ಚೀಟಿ ಓದಿದಾಗಿನಿಂದ ಬರ್ನಡೆಟ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನು ಮೇಲೆ ಪ್ರತಿ ಮುಖಕ್ಕೂ ನಲವತ್ತೇ ನಿಮಿಷ. ಮೊದಲು ಸಲೂನಿನ ಗುಲಾಬಿ ಎಣ್ಣೆ ಕಡ್ಡಾಯ, ಕೊನೆಗೆ ಗಿರಾಕಿಯ ಫೋಟೋ ಕಡ್ಡಾಯ. ಇಪ್ಪತ್ತಾರು ವರ್ಷ ಮಾಂಕ್ಟನ್ ಊರಿನ ಹೆಂಗಸರ ಮುಖ ಮುಟ್ಟಿದವಳಿಗೆ, ಆರು ತಿಂಗಳ ಹಿಂದೆ ಸಲೂನು ಕೊಂಡ ಕ್ರಿಸ್ಟಾ ಮುಖ ಮುಟ್ಟುವುದನ್ನು ಕಲಿಸಲು ಹೊರಟಿದ್ದಳು. ಕಲಿಸಲಿ, ಬೇಡ ಅಂದವರಾರು. ಆದರೆ ಎಣ್ಣೆ ಮೊದಲು ಎನ್ನುವವಳಿಗೆ ಈ ಕೆಲಸದ ಗಂಧಗಾಳಿಯೂ ಇಲ್ಲ.

ಬರ್ನಡೆಟ್ ಮಾಡುವುದು ಮಯೋಫ್ಯಾಶಿಯಲ್ ರಿಲೀಸ್. ಹೆಸರು ಬಾಯಿ ತುಂಬುವಷ್ಟು, ಕೆಲಸ ಮಾತ್ರ ಸುಮ್ಮನೆ ಕಾಯುವುದು. ಕಿತ್ತಳೆ ತೊಳೆಗೆ ಸುತ್ತಿಕೊಂಡ ಪೊರೆಯಂಥದ್ದೇ ಒಂದು ನಮ್ಮ ಸ್ನಾಯುಗಳನ್ನೂ ಸುತ್ತಿಕೊಂಡಿರುತ್ತದೆ. ಅದು ಬಿಗಿದು ಕೂತ ಕಡೆ ಒಣಗೈಯಲ್ಲಿ ಹಗುರಾಗಿ ಹಿಡಿದು, ಉಜ್ಜದೆ, ತಿಕ್ಕದೆ ನಿಲ್ಲಬೇಕು. ಎರಡು ನಿಮಿಷವೋ, ಐದು ನಿಮಿಷವೋ, ಅದಕ್ಕೆ ಮನಸ್ಸು ಬಂದಾಗ ಬೆರಳಡಿಯಲ್ಲಿ ಸಡಿಲಗೊಳ್ಳುತ್ತದೆ. ಎಣ್ಣೆ ಇದ್ದರೆ ಬೆರಳು ಜಾರುತ್ತದೆ, ಪೊರೆ ಕೈಗೆ ಸಿಗುವುದೇ ಇಲ್ಲ. ಗಿರಾಕಿಗೆ ಹಿತವಾಗಿ ನಿದ್ದೆ ಬರುತ್ತದೆ, ನಿಜ. ಎದ್ದು ಹೋಗುವಾಗ ದವಡೆ ಬಂದ ಹಾಗೇ ಇರುತ್ತದೆ.

ಇವತ್ತು ಗುರುವಾರ, ಗ್ಲೆಂಡಾ ಸ್ಟೀವ್ಸ್ ಬರುವ ದಿನ. ಗ್ಲೆಂಡಾ ಹತ್ತೊಂಬತ್ತು ವರ್ಷಗಳಿಂದ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಬಿಂಗೊ ಆಟದ ಸಂಖ್ಯೆ ಕೂಗುವವಳು. ಜನವರಿಯಲ್ಲಿ ಅಕ್ಕ ತೀರಿಕೊಂಡಾಗ ಹಲ್ಲು ಕಚ್ಚಿಕೊಂಡವಳು ಮತ್ತೆ ಬಿಡಲೇ ಇಲ್ಲ. ಹಲ್ಲಿನ ಡಾಕ್ಟರು ಎಕ್ಸ್-ರೇ ತೆಗೆಸಿ, ಮೂಳೆ, ಕೀಲು ಸರಿಯಾಗಿವೆ, ಸ್ನಾಯು ಬಿಗಿದಿದೆ ಅಷ್ಟೆ ಎಂದರು. ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಪಾಪ, ಸೂಪು ಕುಡಿದುಕೊಂಡು ದಿನ ನೂಕುತ್ತಿದ್ದಳು. ಎರಡು ತಿಂಗಳು ಕಾದ ಕ್ಲಬ್ಬಿನವರು, ಈ ಶುಕ್ರವಾರವೂ ಕೂಗಲಾಗದಿದ್ದರೆ ಸಂಖ್ಯೆ ಓದುವ ಯಂತ್ರ ತರಿಸುತ್ತೇವೆ ಎಂದುಬಿಟ್ಟಿದ್ದರು. ಬರ್ನಡೆಟ್ ಐದು ಸಲ ಕೂತು ಒಂದೂವರೆ ಬೆರಳನ್ನು ಎರಡೂಕಾಲಿಗೆ ತಂದಿದ್ದಳು. ಮೂರು ಬೆರಳು ಒಂದರ ಮೇಲೊಂದು ಹಿಡಿಸಿದರೆ ಬಾಯಿ ಪೂರ್ತಿ ತೆರೆದ ಲೆಕ್ಕ. ಉಳಿದಿದ್ದು ಇದೊಂದೇ ದಿನ.

ಬರ್ನಡೆಟ್ ಕೈ ತೊಳೆದು ಬರುವಷ್ಟರಲ್ಲಿ ಕ್ರಿಸ್ಟಾ ತಾನೇ ಗ್ಲೆಂಡಾಳ ಮುಖಕ್ಕೆಲ್ಲ ಎಣ್ಣೆ ಸವರಿ ನಿಂತಿದ್ದಳು.

"ನಿನ್ ಟೈಮ್ ಉಳಿಸ್ದೆ ನೋಡು," ಎಂದಳು.

"ಉಳಿಸ್ಲಿಲ್ಲ, ತಿಂದೆ. ಇದನ್ನ ಒರೆಸೋಕೇ ಹತ್ತು ನಿಮಿಷ ಬೇಕು."

"ಎಲ್ಲಾ ಕಡೆ ಎಣ್ಣೆ ಹಚ್ಚೇ ಮಾಡೋದು ಬರ್ನಡೆಟ್. ಎಷ್ಟು ವಿಡಿಯೋ ನೋಡಿದೀನಿ ನಾನು."

"ನೋಡಿದೀಯ, ಸರಿ. ಮಾಡಿದೀಯಾ?"

ಕ್ರಿಸ್ಟಾ ಗಡಿಯಾರ ತೋರಿಸಿ ಹೊರಗೆ ಹೋದಳು. ಬರ್ನಡೆಟ್ ಬಿಸಿ ಟವೆಲಿನಿಂದ ಮೂರು ಸಲ ಒರೆಸಿದಳು. ಮೂಗಿನ ಪಕ್ಕ, ಕಿವಿಯ ಹಿಂದೆ, ಎಲ್ಲೆಲ್ಲೂ ಆ ಹಾಳು ಎಣ್ಣೆ. ಒಬ್ಬಳ ಅನ್ನ ನಾಳೆಯ ಮೇಲೆ ನಿಂತಿದೆ, ಇವಳಿಗೆ ಬಾಟಲಿ ಮಾರುವ ಚಿಂತೆ.

"ಜಗಳ ಆಡ್ಬೇಡ ಕಣೆ," ಎಂದಳು ಗ್ಲೆಂಡಾ, ಹಲ್ಲುಗಳ ಸಂದಿಯಿಂದಲೇ. "ನನ್ನಿಂದ ನಿನ್ ಕೆಲ್ಸ ಹೋಗೋದು ಬೇಡ."

"ನೀನು ಬಾಯಿ ಮುಚ್ಕೊಂಡಿರು."

"ಅದೊಂದು ಚೆನ್ನಾಗಿ ಬರುತ್ತೆ ನಂಗೆ."

ಬರ್ನಡೆಟ್ ಮೊದಲು ಕಣತಲೆ ಹಿಡಿದಳು, ಆಮೇಲೆ ಕೆನ್ನೆಮೂಳೆಯ ಕೆಳಗೆ. ಕೊನೆಗೆ ಕೈಗವಸು ಹಾಕಿ ಹೆಬ್ಬೆರಳನ್ನು ಕೆನ್ನೆಯ ಒಳಮೈಗೆ, ಉಳಿದ ಬೆರಳನ್ನು ಹೊರಗೆ ಇಟ್ಟು ದವಡೆಯ ಸ್ನಾಯುವನ್ನು ಹಿಡಿದು ಕಾದಳು. ಬಲಗಡೆಯದು ಬೇಗ ಒಪ್ಪಿತು. ಎಡಗಡೆಯದು ಹಟಮಾರಿ. ಅದು ಈಗಷ್ಟೇ ಕರಗಲು ಶುರುವಾಗಿತ್ತು, ಬಾಗಿಲು ತೆರೆಯಿತು.

"ನಲವತ್ತಾಯ್ತು," ಎಂದಳು ಕ್ರಿಸ್ಟಾ. "ಮುಂದಿನ ಗಿರಾಕಿ ಆರ್ಸೆನೋ ಅವ್ರು ಆಚೆ ಕಾಯ್ತಿದಾರೆ."

"ಕಾಯ್ಲಿ."

"ಇನ್ನೊಂದು ನಿಮಿಷ ಆಯ್ತೋ, ನಾಳೆಯಿಂದ ನೀನು ಬರೋದೇ ಬೇಡ."

ಎಷ್ಟು ಧೈರ್ಯ ಇವಳಿಗೆ. ಬರ್ನಡೆಟ್‌ಳ ಕಿವಿ ಬಿಸಿಯಾಯಿತು. ಆದರೆ ಈ ಕೆಲಸದಲ್ಲಿ ಸಿಟ್ಟು ಭುಜದಿಂದ ಕೆಳಗೆ ಇಳಿಯಕೂಡದು. ಬೆರಳು ಬಿಗಿದರೆ ದವಡೆಗೆ ಗೊತ್ತಾಗಿಬಿಡುತ್ತದೆ, ಅದೂ ಬಿಗಿಯುತ್ತದೆ. ಅವಳು ಕೈ ತೆಗೆಯಲಿಲ್ಲ. ಒಂದು ನಿಮಿಷ ಹೋಯಿತು, ಇನ್ನೊಂದೂ ಹೋಯಿತು. ಬಾಗಿಲು ದಢಾರನೆ ಮುಚ್ಚಿತು. ಅದಾದ ಎಷ್ಟೋ ಹೊತ್ತಿಗೆ ಹೆಬ್ಬೆರಳಡಿಯ ಗಂಟು ಮೆತ್ತಗಾಯಿತು, ಗ್ಲೆಂಡಾಳ ಕಣ್ಣಿನಿಂದ ನೀರು ಕಿವಿಯತ್ತ ಹರಿಯಿತು. ಅವಳು ಅಕ್ಕನಿಗಾಗಿ ಇಲ್ಲಿಯವರೆಗೆ ಅತ್ತಿರಲಿಲ್ಲ. ಬರ್ನಡೆಟ್ ಟಿಶ್ಯೂ ಕೊಟ್ಟು ಅಳುವಷ್ಟು ಅಳಲು ಬಿಟ್ಟಳು.

ಗ್ಲೆಂಡಾ ಎದ್ದು ಕೂತು ಮೂರು ಬೆರಳು ಜೋಡಿಸಿ ಬಾಯಿಗಿಟ್ಟಳು. ಹಿಡಿಸಿದವು. ತೆಗೆದು ಮತ್ತೆ ಇಟ್ಟಳು. ಮತ್ತೂ ಹಿಡಿಸಿದವು.

ಇಬ್ಬರೂ ಮುಂದಿನ ಕೋಣೆಗೆ ಬಂದಾಗ ಕ್ರಿಸ್ಟಾ ಮುಖದ ತುಂಬ ನಗು ತಂದುಕೊಂಡು ಫೋನು ಹಿಡಿದು ನಿಂತಿದ್ದಳು.

"ಹತ್ತು ವರ್ಷ ಚಿಕ್ಕೋರಾಗಿ ಕಾಣ್ತಿದೀರ ಗ್ಲೆಂಡಾ. ಈ ಎಣ್ಣೆ ಬಾಟ್ಲಿ ಹಿಡ್ಕೊಳ್ಳಿ, ಸ್ವಲ್ಪ ನಗಿ, ಒಂದು ಫೋಟೋ."

ಗ್ಲೆಂಡಾ ಬಾಯಿ ತೆರೆದಳು. ಇನ್ನೂರು ಜನರ ಸಭಾಂಗಣಕ್ಕೆ ಮೈಕಿಲ್ಲದೆ ಸಾಲುವ ದನಿ ಅದು.

"ನಂಗೆ ಅರವತ್ಮೂರು, ನನ್ ಮುಖಕ್ಕೂ ಅರವತ್ಮೂರೇ. ಒಂದು ಸುಕ್ಕೂ ಹೋಗಿಲ್ಲ, ಹೋಗ್ಲಿ ಅಂತ ನಾನು ಕೇಳೂ ಇಲ್ಲ. ನನ್ ಬಾಯಿ ಬಿಡ್ಸಿದ್ದು ಇವಳ ಕೈ, ನಿನ್ ಬಾಟ್ಲಿ ಅಲ್ಲ. ಆ ಕೈಗೆ ನಾಳೆ ಬರ್ಬೇಡ ಅಂದೆಯಲ್ಲ, ಅದನ್ನೂ ಫೋಟೋ ಕೆಳಗೆ ಬರಿ."

ಕಾಯುತ್ತಿದ್ದ ಆರ್ಸೆನೋ ಪತ್ರಿಕೆ ಮಡಚಿಟ್ಟಳು. ದನಿ ತಗ್ಗಿಸಿ, "ನಂಗೂ ಎಣ್ಣೆ ಬೇಡಮ್ಮ," ಎಂದಳು.

ಕ್ರಿಸ್ಟಾಳ ಮುಖ ಕೆಂಪಾಯಿತು. "ಆಯ್ತು ಬರ್ನಡೆಟ್, ಏನೋ ಸಿಟ್ಟಲ್ಲಿ ಅಂದೆ. ನಾಳೆ ಬಾ. ಆದ್ರೆ ಸಮಯ ಮಾತ್ರ ನಲವತ್ತೇ ನಿಮಿಷ."

"ಬರಲ್ಲ," ಎಂದಳು ಬರ್ನಡೆಟ್. ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು. ಇಷ್ಟು ಹೊತ್ತು ಭುಜದಲ್ಲಿ ತಡೆದಿಟ್ಟ ಸಿಟ್ಟನ್ನು ಈಗ ಕೈಗೆ ಇಳಿಯಲು ಬಿಟ್ಟಳು. "ಗ್ಲೆಂಡಾ, ನಿಮ್ಮನೆ ಅಡುಗೆಮನೆ ಟೇಬಲ್ಲು ಒಬ್ರು ಮಲಗೋಷ್ಟು ಗಟ್ಟಿ ಇದೆಯಾ?"

"ಅದರ ಮೇಲೆ ಹತ್ತಿ ನಾನೇ ಬಲ್ಬು ಹಾಕ್ತೀನಿ. ಬಾ."

ಆರ್ಸೆನೋ ಆಗಲೇ ಕೋಟಿನ ಒಂದು ತೋಳು ತೂರಿಸಿಕೊಂಡಿದ್ದಳು.